ಹಿಡಿಯೂ ಹೊಣೆಯೂ

ನಾಗರಿಕತೆಯ ಚರಿತ್ರೆಯನ್ನು ಬರೆಯುವವರು ಬೆಂಕಿಯಿಂದಲೋ ಚಕ್ರದಿಂದಲೋ ಪ್ರಾರಂಭಮಾಡುವುದು ವಾಡಿಕೆ. ನನ್ನನ್ನು ಕೇಳಿದರೆ ಹಿಡಿಯಿಂದ ಪ್ರಾರಂಭಮಾಡಬೇಕೆಂದು ಹೇಳುತ್ತೇನೆ. ಕುಡುಗೋಲಿಗೆ ಹಿಡಿಯಿರುವುದರಿಂದಲೇ ಅದು ಪೈರನ್ನು ಕೊಯ್ಯುತ್ತದೆ, ಕೈಯನ್ನು ಬಿಡುತ್ತದೆ. ಬಾಣಲೆಗೆ ಹಿಡಿಯಿಲ್ಲದಿದ್ದರೆ ಬೆಂಕಿಯನ್ನು ಕಂಡುಹಿಡಿದು ತಾನೆ ಏನು ಪ್ರಯೋಜನವಾಗುತ್ತಿತ್ತು? ಎತ್ತಿನ ಮೂಗುದಾರ, ಕುದುರೆಯ ಲಗಾಮು, ದೋಣಿಯ ಚುಕ್ಕಾಣಿ, ಇವೆಲ್ಲ ಹಿಡಿಯ ನಂಟರೇ. ನಮ್ಮ ಭಾಷೆಗೂ ಈ ಗುಟ್ಟು ತಿಳಿದಿದೆ. ಹಿಡಿಯ ಬೆನ್ನಿಗೇ ಹಿಡಿತ ಹುಟ್ಟಿತು. ಸಂಸಾರದ ಹಿಡಿತ ತಪ್ಪಿತು, ನಾಲಗೆಯ ಮೇಲೆ ಹಿಡಿತವಿಲ್ಲ ಎಂದೆಲ್ಲ ಮರುಗುವಾಗ ನಾವು ನೆನೆಯುವುದು ಯಾವುದೋ ಒಂದು ಹಿಡಿಯನ್ನೇ.

ಇಷ್ಟು ದೊಡ್ಡ ಪೀಠಿಕೆ ಒಂದು ಸೈಕಲ್ ಹ್ಯಾಂಡಲ್ಲಿಗಾಗಿ ಎಂದರೆ ಓದುಗರು ನಗಬಹುದು. ನಗಲಿ. ನಾವು ಸೈಕಲ್ಲು ಕಲಿತ ಕಾಲದಲ್ಲಿ ಹ್ಯಾಂಡಲ್ಲೆಂಬುದು ಸೈಕಲ್ಲಿನ ಜೊತೆಯಲ್ಲೇ ಹುಟ್ಟಿಬಂದ ಅಂಗ. ಅದಕ್ಕೆ ತರಕಾರಿ ಚೀಲ ನೇತುಹಾಕಬಹುದು, ತುಂಬಾ ಷೋಕಿಯಿದ್ದರೆ ಎರಡು ತುದಿಗೂ ಬಣ್ಣದ ಕುಚ್ಚು ಕಟ್ಟಬಹುದು. ಮನುಷ್ಯ ತನ್ನ ಕಿವಿಯನ್ನು ಹೇಗೆ ಆರಿಸಿಕೊಳ್ಳುವುದಿಲ್ಲವೋ ಹಾಗೆಯೇ ಸೈಕಲ್ಲಿನವನು ಹ್ಯಾಂಡಲ್ಲನ್ನು ಆರಿಸಿಕೊಳ್ಳುತ್ತಿರಲಿಲ್ಲ. ಅದು ಬೇರೆ ಬೇರೆ ಉದ್ದದಲ್ಲಿ, ಬೇರೆ ಬೇರೆ ಬಾಗಿನಲ್ಲಿ ಬಿಡಿಯಾಗಿ ಮಾರಾಟವಾಗುತ್ತದೆ ಎಂಬುದು ನನಗೆ ತಿಳಿದದ್ದು ಬ್ಯಾಂಕಿನ ಕೆಲಸದಿಂದ ನಿವೃತ್ತನಾಗಿ, ಕ್ಯಾಲಿಫೋರ್ನಿಯಾದಲ್ಲಿರುವ ನನ್ನ ತಂಗಿಯ ಮಗನ ಮನೆಯಲ್ಲಿ ಮೂರು ತಿಂಗಳು ಕಳೆದಾಗ.

ಹುಡುಗ ಇಂಜಿನಿಯರು. ವಾರವೆಲ್ಲ ಕಂಪ್ಯೂಟರಿನ ಮುಂದೆ ಕುಳಿತು ಬೆನ್ನು ಬಗ್ಗಿಸಿಕೊಳ್ಳುತ್ತಾನೆ. ಶನಿವಾರ ಬಂತೆಂದರೆ ಬೆಟ್ಟದ ತಲೆಯಿಂದ ಸೈಕಲ್ಲಿನ ಮೇಲೆ ಕೆಳಕ್ಕೆ ಧುಮುಕುತ್ತಾನೆ. ಹತ್ತುವ ಶ್ರಮ ಅವನದಲ್ಲ. ಚಳಿಗಾಲದಲ್ಲಿ ಹಿಮದ ಮೇಲೆ ಜಾರುವವರಿಗಾಗಿ ಹಾಕಿದ ತೂಗುಕುರ್ಚಿಗಳು ಬೇಸಗೆಯಲ್ಲಿ ಸವಾರನನ್ನೂ ಸೈಕಲ್ಲನ್ನೂ ಮೇಲಕ್ಕೆ ಹೊತ್ತುಕೊಂಡು ಹೋಗುತ್ತವೆ. ಇವನ ಪಾಲಿಗೆ ಉಳಿದದ್ದು ಇಳಿಯುವುದು ಮಾತ್ರ. ಅದಕ್ಕೆ ಡೌನ್‌ಹಿಲ್ ಎಂದು ಹೆಸರು. ಇಳಿಯುವುದೂ ಒಂದು ಆಟವೆ ಎಂದು ಕೇಳುವವರು ಆ ದಾರಿಯನ್ನು ನೋಡಬೇಕು. ಬೇರು, ಬಂಡೆ, ಜಾರುವ ಪುಡಿಮಣ್ಣು, ಆಳೆತ್ತರದ ನೆಗೆತ, ಎರಡು ಮರಗಳ ಸಂದಿಯಲ್ಲಿ ತೂರುವ ತಿರುವು! ಸವಾರನಿಗೆ ಮುಖವನ್ನೆಲ್ಲ ಮುಚ್ಚುವ ಶಿರಸ್ತ್ರಾಣ, ಎದೆಗೆ ಕವಚ, ಮೊಣಕಾಲಿಗೆ ಚಿಪ್ಪು. ಕುರುಕ್ಷೇತ್ರಕ್ಕೆ ಹೊರಟವರೂ ಇಷ್ಟು ಸಿದ್ಧತೆ ಮಾಡಿಕೊಂಡಿದ್ದರೋ ಇಲ್ಲವೋ.

ಈ ಆಟದ ತವರುಮನೆಗೂ ನನ್ನನ್ನು ಕರೆದುಕೊಂಡು ಹೋದ. ಸ್ಯಾನ್ ಫ್ರಾನ್ಸಿಸ್ಕೋದ ಉತ್ತರಕ್ಕೆ, ಮರಿನ್ ಕೌಂಟಿಯಲ್ಲಿ, ಫೇರ್‌ಫ್ಯಾಕ್ಸ್ ಎಂಬ ಪುಟ್ಟ ಊರು. ಅಲ್ಲಿ 2015ರಲ್ಲಿ ತೆರೆದ ಸೈಕಲ್ ವಸ್ತುಸಂಗ್ರಹಾಲಯವಿದೆ. ಊರಿನ ಹತ್ತಿರದ ಬೆಟ್ಟದಿಂದ ಒಂದು ಮಣ್ಣುದಾರಿ ಇಳಿಯುತ್ತದೆ. ಸುಮಾರು ಎರಡು ಮೈಲಿಯ ಹಾದಿಯಲ್ಲಿ 1,300 ಅಡಿಯಷ್ಟು ಇಳಿತ. 1976ರ ಅಕ್ಟೋಬರ್ 21ರಂದು ಕೆಲವು ಯುವಕರು ಅಲ್ಲಿ ಗಡಿಯಾರ ಹಿಡಿದು ಮೊದಲ ಪಂದ್ಯ ನಡೆಸಿದರು. ಚಾರ್ಲಿ ಕೆಲ್ಲಿ ಎಂಬಾತ ಪಂದ್ಯದ ವ್ಯವಸ್ಥಾಪಕ. ಮುಂದೆ ಹೆಸರಾದ ಗ್ಯಾರಿ ಫಿಶರ್ ಆ ದಾರಿಯನ್ನು ನಾಲ್ಕು ನಿಮಿಷ ಇಪ್ಪತ್ತೆರಡು ಸೆಕೆಂಡಿನಲ್ಲಿ ಇಳಿದದ್ದು ಅಲ್ಲಿಯ ದಾಖಲೆ.

ಆ ದಾರಿಗೆ ರೀಪ್ಯಾಕ್ ಎಂದು ಹೆಸರು ಬಂದ ಕಥೆ ಸ್ವಾರಸ್ಯವಾಗಿದೆ. ಅವರ ಸೈಕಲ್ಲುಗಳಿಗೆ ಪೆಡಲನ್ನು ಹಿಂದಕ್ಕೆ ತುಳಿದರೆ ಹಿಡಿಯುವ ಬ್ರೇಕು. ಬೆಟ್ಟದ ಬುಡ ಸೇರುವಷ್ಟರಲ್ಲಿ ಚಕ್ರದ ಗುಂಬ ಕಾದು, ಒಳಗಿನ ಗ್ರೀಸು ಹೊಗೆಯಾಗಿ ಹೋಗುತ್ತಿತ್ತು. ಮತ್ತೆ ಗ್ರೀಸು ತುಂಬದೆ ಇನ್ನೊಂದು ಸಲ ಇಳಿಯುವಂತಿರಲಿಲ್ಲ. ಮತ್ತೆ ತುಂಬುವ ಆ ಕೆಲಸವೇ ದಾರಿಯ ಹೆಸರಾಯಿತು. ಸೈಕಲ್ಲುಗಳಾದರೋ ಮೂವತ್ತು ನಲವತ್ತು ವರ್ಷ ಹಳೆಯವು, ದಪ್ಪ ಟೈರಿನವು. ಅವುಗಳ ಮೂಲ ಹ್ಯಾಂಡಲ್ಲು ಆ ಕುಲುಕಾಟಕ್ಕೆ ಸಾಲದೆ ಮೋಟರ್ ಸೈಕಲ್ಲಿನ ಹ್ಯಾಂಡಲ್ಲನ್ನೂ ಬ್ರೇಕಿನ ಹಿಡಿಯನ್ನೂ ತಂದು ಜೋಡಿಸಿದವರುಂಟು.

ಈ ಕಥೆಯನ್ನು ಕೇಳಿದಮೇಲೆ, ಹ್ಯಾಂಡಲ್ಲನ್ನು ತಮ್ಮ ಮನಸ್ಸಿಗೆ ಬಂದಂತೆ ಬದಲಾಯಿಸುವವರನ್ನೆಲ್ಲ ಒಟ್ಟಾಗಿ ಬೈಯುವುದು ನ್ಯಾಯವಲ್ಲವೆಂದು ತೋರಿತು. ಈ ಆಟವೇ ಅಂಥ ಕೈಚಳಕದಿಂದ ಹುಟ್ಟಿದ್ದು. ಆದರೆ ಒಂದು ವಿಷಯವನ್ನು ಗಮನಿಸಬೇಕು. ಹಳೆಯ ಚೌಕಟ್ಟುಗಳು ಬಾಗಿ ಮುರಿಯುವುದನ್ನು ಕಂಡು, ಅವರಲ್ಲೊಬ್ಬನಾದ ಜೋ ಬ್ರೀಜ್ 1977ರಲ್ಲಿ ಈ ಕೆಲಸಕ್ಕೆಂದೇ ಹೊಸ ಚೌಕಟ್ಟು ಕಟ್ಟಿದ. ಮುರಿದದ್ದು ಏಕೆ ಮುರಿಯಿತೆಂದು ಕೇಳಿದವರೇ ಮುಂದಿನದನ್ನು ಕಟ್ಟಿದರು. ಬದಲಾಯಿಸುವುದು ಬೇರೆ, ಬದಲಾಯಿಸಿ ಮರೆತುಬಿಡುವುದು ಬೇರೆ.

ನನ್ನ ಸೋದರಳಿಯ ಮರೆಯುವವರ ಪಂಗಡಕ್ಕೆ ಸೇರಿದವನು. ಒಂದು ಸಂಜೆ ಗ್ಯಾರೇಜಿನಲ್ಲಿ ನನಗೆ ಹ್ಯಾಂಡಲ್ಲಿನ ಶಾಸ್ತ್ರವನ್ನೆಲ್ಲ ಬೋಧಿಸಿದ. 1990ರ ದಶಕದಲ್ಲಿ ಅರವತ್ತು ಸೆಂಟಿಮೀಟರಿಗೂ ಕಡಿಮೆ ಅಗಲದವು ಸಾಮಾನ್ಯವಾಗಿದ್ದುವಂತೆ. ಈಗ ಡೌನ್‌ಹಿಲ್ ಸೈಕಲ್ಲಿಗೆ 78ರಿಂದ 80 ಸೆಂಟಿಮೀಟರು. ತೋಳು ಅಗಲವಾದಷ್ಟೂ ಸನ್ನೆಕೋಲಿನ ಬಲ ಹೆಚ್ಚು. ಬಂಡೆ ಚಕ್ರವನ್ನು ಪಕ್ಕಕ್ಕೆ ತಳ್ಳಿದರೂ ಕೈ ಸೋಲುವುದಿಲ್ಲ. ಆದರೆ ಅಗಲವಾದದ್ದು ಮರಗಳ ಸಂದಿಯಲ್ಲಿ ಸಿಕ್ಕಿಕೊಳ್ಳುತ್ತದೆ, ಆಳಿನ ಹೆಗಲಿಗೆ ಮೀರಿದರೆ ತಿರುವಿನಲ್ಲಿ ಕೈ ನಿಲುಕುವುದಿಲ್ಲ. ಅದಕ್ಕಾಗಿ ಗರಗಸ ಹಿಡಿದು ಎರಡು ತುದಿಯನ್ನೂ ಕುಯ್ಯುತ್ತಾರೆ. ಸ್ವಲ್ಪ ಹೆಚ್ಚು ಕುಯ್ದರೆ ಮತ್ತೆ ಚಿಗುರುವುದಕ್ಕೆ ಅದೇನು ನುಗ್ಗೆ ಕೊಂಬೆಯೆ?

ಅವನ ಸೈಕಲ್ಲಿನ ಹ್ಯಾಂಡಲ್ಲನ್ನೂ ಹಿಂದೆ ಯಾರೋ ಕುಯ್ದಿದ್ದರು. ಅದನ್ನು ಇವನು ಎರಡನೆಯ ಕೈಯಿಂದ ಅರ್ಧ ಬೆಲೆಗೆ ಕೊಂಡಿದ್ದ. ರಬ್ಬರಿನ ಹಿಡಿ ಸವೆದು ಕೊಳವೆಯ ಬಾಯಿ ಹೊರಗೆ ಇಣುಕುತ್ತಿತ್ತು.

"ಇದರ ಬಾಯಿಗೆ ಏನೂ ಇಲ್ಲವಲ್ಲೋ?" ಎಂದೆ.

"ಬಿರಡೆ ಇತ್ತು ಮಾವ. ಎಲ್ಲೋ ಬಿದ್ದುಹೋಯಿತು. ಅದಿಲ್ಲದಿದ್ದರೂ ಸೈಕಲ್ ಓಡೋದಕ್ಕೇನೂ ತೊಂದರೆ ಇಲ್ಲ."

ಮಾತು ನಿಜ. ಬಾವಿಗೆ ಕಟ್ಟೆಯಿಲ್ಲದಿದ್ದರೂ ನೀರು ಸೇದುವುದಕ್ಕೆ ಏನೂ ತೊಂದರೆಯಿಲ್ಲ.

ಹಬ್ಬದ ದಿನ ಪೂರಿಗೆ ಹಿಟ್ಟು ಲಟ್ಟಿಸಿ, ಬಟ್ಟಲಿನ ಬಾಯನ್ನು ಒತ್ತಿ ಗುಂಡಗೆ ಕತ್ತರಿಸುವುದನ್ನು ನೀವು ನೋಡಿರಬಹುದು. ಬಿರಡೆಯಿಲ್ಲದ ಕೊಳವೆ ಮನುಷ್ಯನ ಹೊಟ್ಟೆಗೆ ಮಾಡುವುದೂ ಅದನ್ನೇ. ಈ ಪೆಟ್ಟಿನಿಂದ ಒಳಗಿನ ಪೊರೆ ಹರಿದು ಕರುಳು ಹೊರಚಾಚುವುದಕ್ಕೆ ವೈದ್ಯರು 'ಹ್ಯಾಂಡಲ್‌ಬಾರ್ ಹರ್ನಿಯ' ಎಂದೇ ಹೆಸರಿಟ್ಟಿದ್ದಾರೆ. ನನ್ನ ಸ್ನೇಹಿತರಾದ ಶಸ್ತ್ರವೈದ್ಯರೊಬ್ಬರು ಹೇಳುವಂತೆ, ಇದಕ್ಕೆ ಹೆಚ್ಚಾಗಿ ಸಿಕ್ಕುವವರು ಮಕ್ಕಳು. ವೇಗವೂ ಬೇಕಿಲ್ಲ. ಬೀಳುವಾಗ ಮುಂದಿನ ಚಕ್ರ ಅಡ್ಡ ತಿರುಗುತ್ತದೆ, ಹ್ಯಾಂಡಲ್ಲಿನ ಒಂದು ತುದಿ ಮೇಲೆ ನಿಲ್ಲುತ್ತದೆ, ಮಗು ಅದರ ಮೇಲೆ ಬೀಳುತ್ತದೆ. ಹೊರಗೆ ತರಚಿದ ಗಾಯವೂ ಇರುವುದಿಲ್ಲ. ಒಳಗೆ ಯಕೃತ್ತೋ ಮೇದೋಜೀರಕವೋ ಸೀಳಿರುತ್ತದೆ. ಸೈಕಲ್ಲುಗಳ ಅಂತರರಾಷ್ಟ್ರೀಯ ಮಾನಕವಾದ ಐಎಸ್‌ಒ 4210 ಹ್ಯಾಂಡಲ್ಲಿನ ತುದಿಗೆ ಹಿಡಿಯೋ ಬಿರಡೆಯೋ ಇರಲೇಬೇಕೆಂದೂ ಎಳೆದರೆ ಸುಲಭವಾಗಿ ಕಿತ್ತುಬರಬಾರದೆಂದೂ ವಿಧಿಸಿರುವುದು ಸುಮ್ಮನೆ ಅಲ್ಲ. ಕಾರ್ಖಾನೆಯಿಂದ ಹೊರಡುವಾಗ ಬಿರಡೆ ಇರುತ್ತದೆ. ಕಳೆದುಹೋಗುವುದು ನಮ್ಮ ಮನೆಯಲ್ಲಿ.

ಹ್ಯಾಂಡಲ್ಲಿನ ನಡುವೆ, ಅದನ್ನು ಕಚ್ಚಿಕೊಂಡಿರುವ ಸ್ಟೆಮ್ಮಿನ ಪಕ್ಕದಲ್ಲಿ, ಒಂದು ಗೀರೂ ಇತ್ತು. ಅಲ್ಯುಮಿನಿಯಂ ಎಂಬುದು ನಮ್ಮ ಬ್ಯಾಂಕಿನ ಲೆಡ್ಜರಿನಂಥ ಲೋಹ. ಉಕ್ಕಿಗೆ ಒಂದು ಮಿತಿಯುಂಟು. ಅದರೊಳಗಿನ ಪೆಟ್ಟನ್ನು ಎಷ್ಟು ಸಲ ಕೊಟ್ಟರೂ ಮರೆತುಬಿಡುತ್ತದೆ. ಅಲ್ಯುಮಿನಿಯಂಗೆ ಆ ಔದಾರ್ಯವಿಲ್ಲ. ಪ್ರತಿ ಕುಲುಕಾಟವನ್ನೂ ಖಾತೆಗೆ ಬರೆದುಕೊಳ್ಳುತ್ತದೆ, ಲೆಕ್ಕ ತುಂಬಿದ ದಿನ ಮುನ್ಸೂಚನೆ ಕೊಡದೆ ಮುರಿಯುತ್ತದೆ. ಗೀರು ಬಿದ್ದಿದ್ದರೆ ಬಡ್ಡಿ ಇನ್ನೂ ಬೇಗ ಬೆಳೆಯುತ್ತದೆ. ಸ್ಟೆಮ್ಮಿನ ತಿರುಪುಗಳಿಗೂ ಒಂದು ಲೆಕ್ಕವುಂಟು. ಸಾಮಾನ್ಯವಾಗಿ 5 ನ್ಯೂಟನ್ ಮೀಟರಿನ ಆಸುಪಾಸು. ಎಷ್ಟೆಂಬುದನ್ನು ತಯಾರಕರು ಬಹುಮಟ್ಟಿಗೆ ಅದರ ಮೇಲೆಯೇ ಅಚ್ಚುಹಾಕಿರುತ್ತಾರೆ. ಸಡಿಲವಾದರೆ ಹ್ಯಾಂಡಲ್ಲು ಕೈಯಲ್ಲೇ ತಿರುಗುತ್ತದೆ, ಅತಿಯಾಗಿ ಬಿಗಿದರೆ ನಲುಗುತ್ತದೆ. ನಮ್ಮ ಹುಡುಗ ಬಿಗಿಯುತ್ತಿದ್ದುದು ಅಂದಾಜಿನ ಮೇಲೆ, ಹಲ್ಲು ಕಚ್ಚಿಕೊಂಡು.

ಮೂರನೆಯದು ಎಲ್ಲಕ್ಕಿಂತ ಸೂಕ್ಷ್ಮ. ಅಮೆರಿಕಾದ ನಿಯಮದಂತೆ ಅಲ್ಲಿ ಮಾರುವ ಸೈಕಲ್ಲಿನಲ್ಲಿ ಎಡಗೈಯ ಬ್ರೇಕು ಮುಂದಿನ ಚಕ್ರಕ್ಕೆ, ಬಲಗೈಯದು ಹಿಂದಿನದಕ್ಕೆ. ಕೊಳ್ಳುವವನು ಬೇರೆ ಬಗೆಯಲ್ಲಿ ಬೇಕೆಂದು ಕೇಳಿದರೆ ಮಾತ್ರ ಬದಲು. ಇಂಗ್ಲೆಂಡಿನಲ್ಲಿ ಇದು ತಿರುಗುಮುರುಗು. ಮೋಟರ್ ಸೈಕಲ್ಲಿನಲ್ಲಂತೂ ಬಲಗೈಯೇ ಮುಂದಿನ ಬ್ರೇಕು. ಬೆಂಗಳೂರಿನಲ್ಲಿ ವರ್ಷಾನುಗಟ್ಟಲೆ ಮೋಟರ್ ಸೈಕಲ್ಲು ಓಡಿಸಿ ಪಳಗಿದ ಹುಡುಗ ತನ್ನ ಸೈಕಲ್ಲಿಗೂ ಹಾಗೆಯೇ ಮಾಡಿಸಿಕೊಂಡಿದ್ದ. ಇದನ್ನು ಮೂರ್ಖತನವೆನ್ನಲಾಗದು. ಅವನ ಕೈಗೆ ಅದೇ ಕ್ಷೇಮ. ಆದರೆ ಸೈಕಲ್ಲೆಂಬುದು ಹಲ್ಲುಜ್ಜುವ ಬ್ರಷ್ಷಿನಂತೆ ಒಬ್ಬನಿಗೇ ಮೀಸಲಾದ ವಸ್ತುವಲ್ಲ. ಅದು ಕೈ ಬದಲಾಗುತ್ತದೆ.

ಬದಲಾಯಿತು. ಒಂದು ಶನಿವಾರ ಬೆಟ್ಟದ ಬುಡದ ಕಾಫಿ ಅಂಗಡಿಯಲ್ಲಿ ನನ್ನನ್ನು ಕೂರಿಸಿ ಇವರೆಲ್ಲ ಮೇಲೆ ಹೋದರು. ಇವನ ಆಫೀಸಿನ ಗೆಳೆಯನೊಬ್ಬನ ಟೈರು ಹರಿಯಿತಂತೆ. "ಒಂದೇ ಒಂದು ಸಲ ಇಳಿದು ಬರುತ್ತೇನೆ" ಎಂದು ಅವನು ಇವನ ಸೈಕಲ್ಲು ಕೇಳಿದ. ಸ್ನೇಹಿತನಿಗೆ ಇಲ್ಲವೆನ್ನುವುದುಂಟೆ? ಮೊದಲ ಕಡಿದಾದ ತಿರುವಿನಲ್ಲಿ ಅವನು ಹಿಂದಿನ ಚಕ್ರವನ್ನು ತಡೆಯಲೆಂದು ಅಭ್ಯಾಸಬಲದಿಂದ ಬಲಗೈಯನ್ನು ಒತ್ತಿದ. ನಿಂತದ್ದು ಮುಂದಿನ ಚಕ್ರ. ಹಿಂದಿನದು ಮೇಲೆದ್ದು, ಸವಾರ ಹ್ಯಾಂಡಲ್ಲಿನ ಮೇಲಿಂದ ಹಾರಿಬಿದ್ದ. ಕೊರಳ ಪಕ್ಕದ ಮೂಳೆ ಮುರಿಯಿತು.

ಆಸ್ಪತ್ರೆಯಲ್ಲಿ ಅವನ ಸೊಂಟದ ದಪ್ಪ ಪಟ್ಟಿಯನ್ನು ಬಿಚ್ಚಿ ನನ್ನ ಕೈಗೆ ಕೊಟ್ಟರು. ಅದರ ಮೇಲೆ, ಹೊಕ್ಕುಳಿಂದ ನಾಲ್ಕು ಬೆರಳು ಆಚೆಗೆ, ಒಂದು ರೂಪಾಯಿ ನಾಣ್ಯದಷ್ಟೇ ಅಗಲದ ಗುಂಡನೆಯ ಗುರುತು. ಕಂಪಾಸಿನಿಂದ ಬರೆದಂತೆ ಅಚ್ಚುಕಟ್ಟಾಗಿತ್ತು. ಬಟ್ಟೆ ಕತ್ತರಿಸಿತ್ತು, ಒಳಗಿನ ಮೆತ್ತೆ ತಡೆದಿತ್ತು. ನಾನು ಅದನ್ನು ಹುಡುಗನಿಗೆ ತೋರಿಸಿದೆ. ಅವನು ಬಹಳ ಹೊತ್ತು ನೋಡಿದ. ಆಮೇಲೆ ಮೆಲ್ಲಗೆ, "ಅವನೂ ಕಾಗದಕ್ಕೆ ಸಹಿ ಹಾಕಿದ್ದಾನೆ ಮಾವ" ಎಂದ.

ಕಾಗದವೆಂದರೆ, ತೂಗುಕುರ್ಚಿ ಹತ್ತುವ ಮೊದಲು ಎಲ್ಲರೂ ಸಹಿ ಹಾಕಬೇಕಾದ ಒಪ್ಪಿಗೆ ಪತ್ರ. ಬಿದ್ದರೆ, ಮುರಿದರೆ, ಸತ್ತರೆ, ಎಲ್ಲಕ್ಕೂ ನಾನೇ ಹೊಣೆ ಎಂದು ಅದರ ಸಾರಾಂಶ. ಮೂವತ್ತೈದು ವರ್ಷ ಬ್ಯಾಂಕಿನಲ್ಲಿ ದುಡಿದವನಿಗೆ ಸಹಿ ಬಿದ್ದ ಕಾಗದವನ್ನು ಓದದೆ ಬಿಡುವುದು ಸಾಧ್ಯವಿಲ್ಲ. ಮನೆಗೆ ಬಂದು ಅದನ್ನು ಓದಿದೆ, ಅದರ ಹಿಂದಿರುವ ಕಾನೂನನ್ನೂ ಹುಡುಕಿ ಓದಿದೆ.

ಸ್ನೇಹಿತರು ಕೂಡಿ ಆಡಿದ ಫುಟ್‌ಬಾಲಿನಲ್ಲಿ ಒಬ್ಬಾಕೆಯ ಬೆರಳಿಗೆ ಪೆಟ್ಟಾದ ಮೊಕದ್ದಮೆಯೊಂದು 1992ರಲ್ಲಿ ಕ್ಯಾಲಿಫೋರ್ನಿಯಾದ ಸರ್ವೋಚ್ಚ ನ್ಯಾಯಾಲಯದಲ್ಲಿ ತೀರ್ಮಾನವಾಯಿತು. ಅಲ್ಲಿಂದೀಚೆಗೆ ಬಂದ ತತ್ತ್ವ ಸ್ಥೂಲವಾಗಿ ಹೀಗೆ: ಆಟದಲ್ಲೇ ಹುದುಗಿರುವ ಅಪಾಯವನ್ನು ಇಲ್ಲವಾಗಿಸುವ ಹೊಣೆ ಯಾರಿಗೂ ಇಲ್ಲ, ಆದರೆ ಆಟ ನಡೆಸುವವರು ಆ ಅಪಾಯವನ್ನು ಇದ್ದುದಕ್ಕಿಂತ ಹೆಚ್ಚಿಸಕೂಡದು. ಬೇಸಗೆಯ ಶಿಬಿರವೊಂದರಲ್ಲಿ ಬಾಲಕಿಯೊಬ್ಬಳು ಈಜುಕೊಳದಲ್ಲಿ ಮುಳುಗಿ ತೀರಿಹೋದ ಮೊಕದ್ದಮೆಯಲ್ಲಿ ಅದೇ ನ್ಯಾಯಾಲಯ 2007ರಲ್ಲಿ ಇನ್ನೊಂದು ಮಾತು ಹೇಳಿತು. ಮುಂಚಿತವಾಗಿ ಬರೆಸಿಕೊಂಡ ಇಂಥ ಸಹಿ ಘೋರ ಅಲಕ್ಷ್ಯಕ್ಕೆ ರಕ್ಷೆಯಾಗಲಾರದು ಎಂದು.

ಕಾನೂನು ಅವರವರಿಗೆ ಎಷ್ಟು ಅನ್ವಯಿಸುತ್ತದೆಂಬುದನ್ನು ವಕೀಲರು ನೋಡಿಕೊಳ್ಳಲಿ. ನನಗೆ ಹಿಡಿಸಿದ್ದು ಅದರಲ್ಲಿರುವ ವಿವೇಕ. ಇಳಿಜಾರು ಈ ಆಟದ ಹುಟ್ಟುಗುಣ. ಬಂಡೆ, ಬೇರು, ಜಾರುಮಣ್ಣು ಹುಟ್ಟುಗುಣ. ಅವನ್ನು ಬಲ್ಲವನೇ ಮೇಲೆ ಹೋಗುತ್ತಾನೆ, ಅವಕ್ಕಾಗಿಯೇ ಹೋಗುತ್ತಾನೆ. ಆದರೆ ಬಿರಡೆಯಿಲ್ಲದ ಕೊಳವೆಯಿಂದ ಆಟಕ್ಕೆ ಯಾವ ರುಚಿಯೂ ಬರುವುದಿಲ್ಲ. ಗೀರುಬಿದ್ದ ಹ್ಯಾಂಡಲ್ಲಿನಿಂದ ಯಾರ ಧೈರ್ಯವೂ ಸಾಬೀತಾಗುವುದಿಲ್ಲ. ಬೆಟ್ಟ ತಂದೊಡ್ಡುವ ಅಪಾಯ ಒಂದು, ನಾವು ಮನೆಯಿಂದ ಕಟ್ಟಿಕೊಂಡು ಹೋಗುವ ಅಪಾಯ ಇನ್ನೊಂದು. ಗೆಳೆಯ ಸಹಿ ಹಾಕಿದ್ದು ಬೆಟ್ಟಕ್ಕೆ. ಬ್ರೇಕು ಅದಲುಬದಲಾಗಿದೆಯೆಂಬುದು ಆ ಕಾಗದದಲ್ಲಿ ಎಲ್ಲಿಯೂ ಬರೆದಿರಲಿಲ್ಲ.

"ನನ್ನ ತಲೆ, ನನ್ನ ಇಷ್ಟ" ಎನ್ನುವ ವಾದವನ್ನು ನಾನು ತಳ್ಳಿಹಾಕುವುದಿಲ್ಲ. ವಯಸ್ಸಿಗೆ ಬಂದವನು ತನ್ನ ತಲೆಯನ್ನು ತನಗೆ ಬೇಕಾದಲ್ಲಿಗೆ ಒಯ್ಯಬಹುದು. ಆದರೆ ಸೈಕಲ್ಲಿಗೆ ತಲೆಯಿಲ್ಲ. ಯಾರು ಹತ್ತಿದರೂ ಅದು ಹೊತ್ತುಕೊಂಡು ಹೋಗುತ್ತದೆ. ತಯಾರಿಸಿದವನು ಬಿರಡೆ ಹಾಕಿ ಕೈತೊಳೆದುಕೊಂಡ. ಹಿಂದಿನ ಮಾಲೀಕ ಗೀರಿನ ಮಾತೆತ್ತದೆ ಮಾರಿದ. ಬ್ರೇಕು ಬದಲಿಸಿಕೊಟ್ಟ ಅಂಗಡಿಯವನು ಗಿರಾಕಿ ಕೇಳಿದ್ದನ್ನು ಮಾಡಿದ. ಇವನು ಮರೆತ. ಗೆಳೆಯ ಕೇಳಲಿಲ್ಲ. ಐದು ಜನ ಸ್ವಲ್ಪ ಸ್ವಲ್ಪ ಹಂಚಿಕೊಂಡ ಹೊಣೆ ಕೊನೆಗೆ ಬಂದು ಬಿದ್ದದ್ದು ಒಂದೇ ಒಂದು ಮೂಳೆಯ ಮೇಲೆ.

ನಮ್ಮೂರಿನ ಬಾಡಿಗೆ ಸೈಕಲ್ ಅಂಗಡಿಯ ಸಾಬರು ನನಗೆ ನೆನಪಾದರು. ಗಂಟೆಗೆ ಇಷ್ಟು ಪೈಸೆಯೆಂದು ಹುಡುಗರಿಗೆ ಸೈಕಲ್ಲು ಕೊಡುತ್ತಿದ್ದರು. ಕೊಡುವ ಮುಂಚೆ ಮುಂದಿನ ಚಕ್ರವನ್ನು ಎರಡು ಮಂಡಿಗಳ ನಡುವೆ ಅವುಚಿಕೊಂಡು ಹ್ಯಾಂಡಲ್ಲನ್ನು ಆ ಕಡೆಗೂ ಈ ಕಡೆಗೂ ತಿರುಚಿ ನೋಡುತ್ತಿದ್ದರು. ಕೊಂಚ ಅಲುಗಿದರೂ ಸ್ಪ್ಯಾನರು ಹಾಕದೆ ಬಿಡುತ್ತಿರಲಿಲ್ಲ. ನಾವು ಒಂದು ಕಾಲು ಪೆಡಲಿನ ಮೇಲಿಟ್ಟು ಚಡಪಡಿಸುತ್ತಿದ್ದೆವು. ಗಂಟೆ ಓಡುತ್ತಿದೆಯೆಂಬ ಆತಂಕ ನಮಗೆ. "ನೀನು ಬಿದ್ದರೆ ನಿಮ್ಮಪ್ಪ ನಿನ್ನ ಹತ್ತಿರ ಬರೋಲ್ಲಪ್ಪ, ನನ್ನ ಹತ್ತಿರ ಬರ್ತಾರೆ" ಎನ್ನುತ್ತಿದ್ದರು. ಅವರ ಹತ್ತಿರ ಯಾವ ಒಪ್ಪಿಗೆ ಪತ್ರವೂ ಇರಲಿಲ್ಲ.

ಅಪಘಾತವಾದ ಮರುವಾರ ಸೈಕಲ್ಲನ್ನು ರಿಪೇರಿಗೆ ಕೊಂಡೊಯ್ದಾಗ ನಾನೂ ಜೊತೆಯಲ್ಲಿದ್ದೆ. ಬೇರೊಂದು ಅಂಗಡಿ. ಅಲ್ಲಿಯ ಮುದುಕ ಮೆಕ್ಯಾನಿಕ್ಕು ಮಾತಿಲ್ಲದೆ ಮುಂದಿನ ಚಕ್ರವನ್ನು ಮಂಡಿಗಳ ನಡುವೆ ಅವುಚಿಕೊಂಡು ಹ್ಯಾಂಡಲ್ಲನ್ನು ತಿರುಚಿದ. ಸಾವಿರಾರು ಮೈಲಿಗಳಾಚೆ ಅದೇ ಪರೀಕ್ಷೆ, ಅದೇ ಮುಖಭಾವ! ಗೀರಿನ ಮೇಲೆ ಉಗುರಾಡಿಸಿ, ಈ ಹ್ಯಾಂಡಲ್ಲನ್ನು ಮತ್ತೆ ಜೋಡಿಸಿಕೊಡುವುದಿಲ್ಲವೆಂದ. ಹುಡುಗ, ಅಪಾಯವೆಲ್ಲ ನನ್ನದೇ ಎಂದು ಬರೆದುಕೊಡುತ್ತೇನೆ ಎಂದ. ಮುದುಕ ತಲೆಯಾಡಿಸಿದ. ಬರೆದುಕೊಡುವುದರಿಂದ ಗೀರು ಮಾಯವಾಗುವುದಿಲ್ಲ, ಬೇಕಾದರೆ ಸೈಕಲ್ಲನ್ನು ಬಿಡಿ ಬಿಡಿಯಾಗಿಯೇ ತೆಗೆದುಕೊಂಡು ಹೋಗು ಎಂದು ಅವನ ಉತ್ತರ. ಕೊನೆಗೆ ಹೊಸ ಹ್ಯಾಂಡಲ್ಲು ಬಂತು. ತಿರುಪುಗಳನ್ನು ಅಳತೆಯ ಸ್ಪ್ಯಾನರಿನಿಂದ ಬಿಗಿದ. ಎರಡು ಬಿರಡೆಗಳನ್ನು ತಾನೇ ತಟ್ಟಿ ಕೂರಿಸಿದ. ಅವಕ್ಕೆ ಬೆಲೆ ಹಾಕಲಿಲ್ಲ. ಬಲಗೈಯ ಬ್ರೇಕಿಗೆ ಕೆಂಪು ಪಟ್ಟಿಯೊಂದನ್ನು ಅಂಟಿಸಿ, ಯಾರು ಕೇಳಿದರೂ ಮೊದಲು ಇದನ್ನು ತೋರಿಸು ಎಂದ. ಬ್ರೇಕನ್ನು ಮತ್ತೆ ಅದಲುಬದಲು ಮಾಡೆಂದು ಹೇಳಲಿಲ್ಲ. ಬದಲಾವಣೆ ಅವನಿಗೆ ಬೇಡವಾದದ್ದಲ್ಲ, ಮರೆವು ಬೇಡವಾದದ್ದು.

ಇತ್ತ ಮೈಸೂರಿನಿಂದ ತಂಗಿಯ ಫೋನು ಮೇಲಿಂದ ಮೇಲೆ. "ಅಣ್ಣಾ, ನೀನು ಅಲ್ಲಿರೋವಾಗಲೇ ಆ ಹಾಳು ಆಟ ಬಿಡಿಸಿ ಬಾ." ತಾಯಿಯ ಮಾತು, ತಪ್ಪೆನ್ನಲಾಗದು. ಆದರೆ ಬೆಟ್ಟದಿಂದ ಇಳಿದು ಬಂದಾಗ ಅವನ ಮುಖದಲ್ಲಿರುತ್ತಿದ್ದ ಗೆಲುವನ್ನು ಅವಳು ನೋಡಿಲ್ಲ. ವಾರದ ಐದು ದಿನ ಅದನ್ನು ನಾನೂ ಕಂಡಿರಲಿಲ್ಲ. ಬಿಡಿಸುತ್ತೇನೆಂದು ನಾನು ಮಾತು ಕೊಡಲಿಲ್ಲ.

ನಾನು ಹೊರಡುವ ಹಿಂದಿನ ದಿನ ಗ್ಯಾರೇಜಿನಲ್ಲಿ ಕುಯ್ಯುವ ಸದ್ದು ಕೇಳಿ ಹೋಗಿ ನೋಡಿದೆ. ಹಳೆಯ ಹ್ಯಾಂಡಲ್ಲು ಬೆಂಚಿನ ಮೇಲಿತ್ತು. ನಲವತ್ತು ಡಾಲರಿಗೆ ಕೊಳ್ಳುವುದಕ್ಕೆ ಯಾರೋ ಸಿದ್ಧರಿದ್ದರಂತೆ. ಗೆಳೆಯ, ಕೊರಳಿಂದ ಇಳಿಬಿಟ್ಟ ಪಟ್ಟಿಯಲ್ಲಿ ಒಂದು ಕೈಯಿಟ್ಟುಕೊಂಡು, ಇನ್ನೊಂದು ಕೈಯಿಂದ ಅದರ ತುದಿಯನ್ನು ಅದುಮಿ ಹಿಡಿದಿದ್ದ. ನಮ್ಮ ಹುಡುಗ ಗರಗಸ ಎಳೆಯುತ್ತಿದ್ದ. ಸರಿಯಾಗಿ ನಡುವೆ ಎರಡು ತುಂಡಾಯಿತು. "ಇನ್ನು ಇದನ್ನ ಯಾರೂ ಹಾಕ್ಕೊಳ್ಳೋ ಹಾಗಿಲ್ಲ ಮಾವ" ಎಂದು ಕಸದ ಡಬ್ಬಿಗೆ ಹಾಕಿದ.

ಅಂದು ರಾತ್ರಿ ತಂಗಿಗೆ ಫೋನಿನಲ್ಲಿ ಇದನ್ನೆಲ್ಲ ಸಂತೋಷದಿಂದ ವರ್ಣಿಸಿದೆ. ಅವಳು ಕೊನೆಯವರೆಗೂ ಕೇಳಿ, "ನಲವತ್ತು ಡಾಲರ್ ಬರೋದನ್ನ ಕಸಕ್ಕೆ ಹಾಕಿದನೆ? ಅವನಿಗಂತೂ ಬುದ್ಧಿಯಿಲ್ಲ, ನೀನಾದರೂ ಹೇಳಬಾರದಾಗಿತ್ತೆ ಅಣ್ಣಾ?" ಎಂದಳು.